ಶುಕ್ರವಾರ ಮೂರು ಗಂಟೆಯ ರಾಷ್ಟ್ರಗೀತೆ

ಕಳೆದ ಭಾನುವಾರ ಅಟ್ಟ ಗುಡಿಸುತ್ತಿದ್ದಾಗ ಒಂದು ಬಿದಿರಿನ ಬುಟ್ಟಿ ಜಾರಿ ನನ್ನ ತಲೆಯ ಮೇಲೆ ಬೋರಲಾಗಿ ಕೂತಿತು. ಕೆಳಗೆ ಸ್ಟೂಲು ಹಿಡಿದು ನಿಂತಿದ್ದ ಹೆಂಡತಿ ಜಲಜಾಕ್ಷಿ ಸ್ಟೂಲು ಬಿಟ್ಟು ನಗತೊಡಗಿದಳು. ಸ್ಟೂಲು ಅಲ್ಲಾಡಿತು, ನಾನೂ ಅಲ್ಲಾಡಿದೆ, ಬುಟ್ಟಿ ಮಾತ್ರ ಅಲ್ಲಾಡಲಿಲ್ಲ. ತಳ ಚೂಪಾಗಿ ಬಾಯಿ ಅಗಲವಾಗಿರುವ ಬುಟ್ಟಿ ಅದು, ತಲೆಗೆ ಹೇಳಿ ಮಾಡಿಸಿದ ಹಾಗಿದೆ. ಒಳಗೆ ಹೊಗೆ, ಹಬೆ, ಬೆಂದ ಅಂಟಕ್ಕಿ ಇವೆಲ್ಲ ಸೇರಿದ ಒಂದು ವಾಸನೆ ಇಷ್ಟು ವರ್ಷವಾದರೂ ಹೋಗಿರಲಿಲ್ಲ.

"ಸತ್ವಾದಲ್ಲಿಯೂ ಇದನ್ನೇ ಅಲ್ವಾ ನೀವು ಮೊದ್ಲು ತಲೆಗೆ ಇಟ್ಟದ್ದು?" ಎಂದಳು.

ಹೌದು, ಇದನ್ನೇ. ಮನುಷ್ಯ ಒಂದೇ ಬುಟ್ಟಿಯಿಂದ ಎರಡು ಸಲ ಪೆದ್ದನಾಗುವುದು ಅಪರೂಪ. ಆ ಭಾಗ್ಯ ನನಗೆ ಒದಗಿದ್ದರಿಂದ ಅದರ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ.

ದುಬೈನ ಸತ್ವಾದಲ್ಲಿ ನಾವು ಆಗ ವಿಲ್ಲಾದಲ್ಲಿದ್ದೆವು. ವಿಲ್ಲಾ ಎಂದ ಕೂಡಲೇ ಮೈಸೂರಿನಲ್ಲಿದ್ದ ನನ್ನ ಅಕ್ಕ ಈಜುಕೊಳವನ್ನು ಊಹಿಸಿಕೊಂಡು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಳು. ಆ ಊಹೆಯನ್ನು ಕೆಡಿಸುವ ಮನಸ್ಸು ನನಗೂ ಬರಲಿಲ್ಲ. ನಿಜವಾಗಿ ಅದು ದರ್ಜಿ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿದ್ದ, ಗೋಡೆಯ ಬಣ್ಣ ಕಿತ್ತುಹೋದ ಹಳೆ ಮನೆ. ಮಹಡಿಯಲ್ಲಿ ಫಿಲಿಪಿನೊ ನರ್ಸುಗಳು. ಕೆಳಗೆ ಒಂದು ಕೋಣೆ ನಮ್ಮದು, ಇನ್ನೊಂದು ಥಾಯ್ ದಂಪತಿಯದು. ಹಾಲ್ ಮತ್ತು ಅಡುಗೆಮನೆ ನಮ್ಮ ಎರಡು ಸಂಸಾರಗಳಿಗೆ ಸೇರಿದ್ದು. ಗಂಡನ ಹೆಸರು ವಿಚಾಯ್, ಹೋಟೆಲೊಂದರ ರಿಸೆಪ್ಷನ್‌ನಲ್ಲಿ ಕೆಲಸ. ಹೆಂಡತಿ ಬುವಾ, ಬ್ಯೂಟಿ ಸಲೂನ್‌ನಲ್ಲಿದ್ದಳು. ಬುವಾ ಎಂದರೆ ಅವರಲ್ಲಿ ತಾವರೆ. ನಮ್ಮವಳು ಜಲಜಾಕ್ಷಿ. ಈ ಸಂಬಂಧ ಹಿಡಿದೇ ಇಬ್ಬರೂ ಮೊದಲ ವಾರದಲ್ಲೇ ಅಕ್ಕ ತಂಗಿಯರಾದರು.

ಮೊದಲ ದಿನವೇ ಅಡುಗೆಮನೆಯ ಮೊಳೆಗೆ ತೂಗುಹಾಕಿದ್ದ ಈ ಬುಟ್ಟಿಯನ್ನು ನಾನು ಅವರ ದೇಶದ ಟೋಪಿ ಎಂದುಕೊಂಡೆ. ನೆರೆಹೊರೆಯವರ ಸಂಸ್ಕೃತಿಯನ್ನು ಗೌರವಿಸಬೇಕು ಎಂಬ ಸದುದ್ದೇಶದಿಂದ ತಲೆಗೇರಿಸಿಕೊಂಡು ಹಾಲ್‌ಗೆ ಬಂದು ಕೈ ಮುಗಿದೆ. ಅದು ಅನ್ನ ಬೇಯಿಸುವ ಬುಟ್ಟಿ ಎಂದು ಹೇಳಲು ಬುವಾಗೆ ನಗುವಿನ ನಡುವೆ ಬಹಳ ಹೊತ್ತು ಹಿಡಿಯಿತು. ವಿಚಾಯ್ ಮಾತ್ರ ಹೋಟೆಲಿನವನಾದ್ದರಿಂದ ನಗದೆ ನನ್ನ ಮಾನ ಉಳಿಸಿದ. ಟೋಪಿ ಎಂದಾಗ ನೆನಪಾಯಿತು ಎಂದು ಹೇಳಿ ತನ್ನ ಅಜ್ಜನ ಕಾಲದ ಸಂಗತಿಯೊಂದನ್ನು ತೆಗೆದ. ಆಗ ಸೈನ್ಯದಿಂದ ಬಂದವನೊಬ್ಬ ಪ್ರಧಾನಿಯಾಗಿದ್ದನಂತೆ. ದೇಶ ಮೇಲೆ ಬರಬೇಕಾದರೆ ಜನರೆಲ್ಲ ಟೋಪಿ ಧರಿಸಬೇಕು, ಎಲೆಯಡಿಕೆ ಜಗಿಯುವುದನ್ನು ಬಿಡಬೇಕು, ಕೆಲಸಕ್ಕೆ ಹೊರಡುವ ಮುನ್ನ ಹೆಂಡತಿಗೆ ಮುತ್ತಿಡಬೇಕು ಎಂದೆಲ್ಲ ಅವನ ಸರ್ಕಾರ ಹೇಳಿತಂತೆ. ಸಯಾಮ್ ಎಂಬ ದೇಶದ ಹೆಸರನ್ನೇ ಬದಲಿಸಿ, ಇನ್ನು ಮುಂದೆ ಉತ್ತರದವರು, ದಕ್ಷಿಣದವರು, ಈಶಾನ್ಯದ ಈಸಾನಿನವರು ಎಂದು ಯಾರೂ ಹೇಳಿಕೊಳ್ಳಬಾರದು, ಎಲ್ಲರೂ ಬರೀ ಥಾಯ್ ಎಂದೂ ಅಪ್ಪಣೆಯಾಯಿತಂತೆ. ನಮ್ಮ ನಾಯಕರೂ ಟೋಪಿಯ ವಿಷಯದಲ್ಲಿ ಹಿಂದೆ ಬಿದ್ದವರಲ್ಲ ಎಂದು ನಾನು ಹೇಳಿದೆ. ಮುತ್ತಿನ ಅಪ್ಪಣೆ ಈಗಲೂ ಉಂಟಾ ಎಂದು ಜಲಜಾಕ್ಷಿ ವಿಚಾರಿಸಿದಳು.

ನನ್ನ ಸ್ವಭಾವ ನಿಮಗೆ ಈಗ ಸ್ವಲ್ಪ ಗೊತ್ತಾಗಿರಬೇಕು. ಉಳಿದದ್ದನ್ನೂ ಹೇಳುತ್ತೇನೆ. ನಾನಾಗ ದುಬೈನ ಒಂದು ಚಿಕ್ಕ ಕನ್ನಡ ಸಂಘದ ಕಾರ್ಯದರ್ಶಿ. ಶಿಪ್ಪಿಂಗ್ ಕಂಪನಿಯಲ್ಲಿ ಗುಮಾಸ್ತ ಎಂಬುದು ಹೊಟ್ಟೆಪಾಡು, ಕಾರ್ಯದರ್ಶಿ ಎಂಬುದು ಪದವಿ. ಹೆಸರುಗಳನ್ನು ಸಂಸ್ಕೃತಕ್ಕೆ ತಿರುಗಿಸಿ ನೋಡುವುದು ನನಗೊಂದು ಚಟ. ವಿಚಾಯ್ ಎಂದರೆ ನಮ್ಮ ವಿಜಯ, ಅವರ ಹಳೆ ರಾಜಧಾನಿ ಅಯುತ್ಥಯಾ ಎಂದರೆ ನಮ್ಮ ಅಯೋಧ್ಯೆ, ಆದ್ದರಿಂದ ನೀವೂ ನಮ್ಮವರೇ ಎಂದು ಮೊದಲ ತಿಂಗಳಲ್ಲೇ ಅವನಿಗೆ ತೀರ್ಪು ಕೊಟ್ಟಿದ್ದೆ. ಅವನು ತಲೆಬಾಗಿ ಸ್ವೀಕರಿಸಿದ. ಅವನ ಅಜ್ಜ ಚೀನಾದಿಂದ ಹಡಗಿನಲ್ಲಿ ಬ್ಯಾಂಕಾಕಿಗೆ ಬಂದವನು ಎಂಬುದು ನನಗೆ ತಿಳಿದದ್ದು ವರ್ಷದ ಮೇಲೆ.

ಹಾಲ್‌ನಲ್ಲಿ ಟಿವಿಯ ಮೇಲ್ಗಡೆ ಅವರ ಅರಸರ ಚಿತ್ರವಿತ್ತು, ಪಕ್ಕದಲ್ಲಿ ನಮ್ಮ ಸಂಘದ ಕ್ಯಾಲೆಂಡರ್. ಥಾಯ್ ದೇಶದಲ್ಲಿ ಸಂಜೆ ಆರಕ್ಕೆ ರಾಷ್ಟ್ರಗೀತೆ ಬರುತ್ತದೆ, ಜನ ಇದ್ದಲ್ಲೇ ನಿಲ್ಲುತ್ತಾರೆ. ಅಲ್ಲಿ ಆರು ಗಂಟೆಯೆಂದರೆ ದುಬೈನಲ್ಲಿ ಮಧ್ಯಾಹ್ನ ಮೂರು. ಶುಕ್ರವಾರ ರಜೆ. ಡಿಶ್ ಚಾನೆಲಿನಲ್ಲಿ ಗೀತೆ ಶುರುವಾದ ಕೂಡಲೇ ವಿಚಾಯ್ ಸೋಫಾದಿಂದ ಚಿಮ್ಮಿ ಹಿಮ್ಮಡಿ ಜೋಡಿಸಿ ನಿಲ್ಲುತ್ತಿದ್ದ. ಬುವಾ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು ಅವನ ಪಕ್ಕ ನಿಲ್ಲುತ್ತಿದ್ದಳು. ಬಿಸಿಬೇಳೆಬಾತ್ ಉಂಡು ಎದುರಿನ ಸೋಫಾದಲ್ಲಿ ಕಾಲು ಚಾಚಿದ್ದ ನಾನು ಮಲಗಿಯೇ ಇರುವುದು ಹೇಗೆ? ಎದ್ದೆ. ಮುಂದಿನ ಶುಕ್ರವಾರವೂ ಎದ್ದೆ. ಸಭೆಗಳಲ್ಲಿ ಎದ್ದು ನಿಲ್ಲುವುದೇ ಬದುಕಾದವನಿಗೆ ಅದು ಹಿತವಾಗಿಯೂ ಇತ್ತು. ಒಮ್ಮೆ ಅವರಿಬ್ಬರೂ ಮನೆಯಲ್ಲಿಲ್ಲದಾಗ ನಾನೊಬ್ಬನೇ ಎದೆ ಸೆಟೆಸಿ ನಿಂತಿದ್ದನ್ನು ಕಂಡು ಜಲಜಾಕ್ಷಿ ಟಿವಿ ಆರಿಸಿ ಹೋದಳು.

ಅಡುಗೆಮನೆಯಲ್ಲಿ ಎರಡು ಸಂಸಾರಕ್ಕೆ ನಾಲ್ಕು ಬಗೆಯ ಅನ್ನ ಬೇಯುತ್ತಿತ್ತು. ನನಗೆ ಸೋನಾಮಸೂರಿ. ಜಲಜಾಕ್ಷಿ ಬಂಟ್ವಾಳದ ಕಡೆಯವಳು, ಅವಳಿಗೆ ಕೆಂಪು ಕುಚ್ಚಲಕ್ಕಿ ಇಲ್ಲದಿದ್ದರೆ ಊಟವೇ ಅಲ್ಲ. ವಿಚಾಯ್‌ಗೆ ಮಲ್ಲಿಗೆಯ ಹಾಗೆ ಘಮಘಮಿಸುವ ಬಿಳಿ ಅನ್ನ. ಬುವಾಗೆ ಈ ಬುಟ್ಟಿಯಲ್ಲಿ ಹಬೆಗಿಟ್ಟು ಬೇಯಿಸಿದ ಅಂಟನ್ನ. ಅವಳು ಅದನ್ನು ಬೆರಳಲ್ಲಿ ಉಂಡೆ ಕಟ್ಟಿ ಗೊಜ್ಜಿಗೆ ಒತ್ತಿ ತಿನ್ನುವುದನ್ನು ಕಂಡ ದಿನ ನಾನು ಇದು ನಮ್ಮ ರಾಗಿಮುದ್ದೆಯ ಒಡಹುಟ್ಟು ಎಂದು ಘೋಷಿಸಿದೆ. ನನ್ನ ಘೋಷಣೆಗಳಲ್ಲಿ ಬುವಾಗೆ ಖುಷಿ ಕೊಟ್ಟದ್ದು ಅದೊಂದೇ. ಅವಳದು ಮೆಕಾಂಗ್ ನದಿಯ ದಡದ ಊರು, ಈಸಾನ್ ಎಂಬ ಈಶಾನ್ಯ ಸೀಮೆ. ಮನೆಯಲ್ಲಿ ಅಜ್ಜಿ, ಅಮ್ಮ ಎಲ್ಲ ಆಡುವುದು ನದಿಯಾಚೆಯ ದೇಶದವರ ಲಾವೋ ಮಾತು. ಶಾಲೆಯಲ್ಲಿ ಆ ಮಾತು ಬಾಯಿಗೆ ಬಂದರೆ ಟೀಚರು ಬಿಸಿಲಲ್ಲಿ ನಿಲ್ಲಿಸುತ್ತಿದ್ದರಂತೆ. ಅದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು.

ಎರಡು ಸಾವಿರದ ಆರರಲ್ಲಿ ಅವರ ಅರಸರು ಪಟ್ಟವೇರಿ ಅರವತ್ತು ವರ್ಷವಾಯಿತೆಂದು ದೇಶವೆಲ್ಲ ಹಳದಿ ಅಂಗಿ ತೊಟ್ಟಿತು. ಅರಸರು ಹುಟ್ಟಿದ್ದು ಸೋಮವಾರ, ಸೋಮವಾರದ ಬಣ್ಣ ಹಳದಿ. ವಿಚಾಯ್, ಬುವಾ ಇಬ್ಬರೂ ತೊಟ್ಟರು, ನನಗೂ ಒಂದು ಕೊಟ್ಟರು. ಆಮೇಲೆ ಎರಡೇ ವರ್ಷದಲ್ಲಿ ಆ ಹಳದಿ ಒಂದು ಪಕ್ಷದ ಬಣ್ಣವಾಗಿಬಿಟ್ಟಿತು. ಸೈನ್ಯ ಕೆಳಗಿಳಿಸಿದ ಪ್ರಧಾನಿಯ ಪರ ನಿಂತವರು, ಅದರಲ್ಲೂ ಉತ್ತರದ ಮತ್ತು ಈಸಾನಿನ ಹಳ್ಳಿಯ ಜನ, ಕೆಂಪು ತೊಟ್ಟರು. ನಿಜವಾದ ಥಾಯ್ ಯಾರು ಎಂದು ಎರಡೂ ಕಡೆಯವರು ಬೀದಿಯಲ್ಲಿ ಕೂಗಾಡುವುದನ್ನು ನಾವು ಸತ್ವಾದ ಹಾಲ್‌ನಲ್ಲಿ ಕೂತು ನೋಡುತ್ತಿದ್ದೆವು. ಗಲ್ಲಿಯ ತುದಿಯ ಕೆಫೆಟೇರಿಯಾದಲ್ಲಿ ಅವರದೇ ದೇಶದ ದಕ್ಷಿಣ ತುದಿಯವನೊಬ್ಬ ಚಹಾ ಮಾಡುತ್ತಿದ್ದ. ಮನೆಮಾತು ಮಲಯ, ಶುಕ್ರವಾರ ಮಸೀದಿಗೆ ಹೋಗುವವನು. ನಿನ್ನದು ಯಾವ ಬಣ್ಣ ಎಂದು ನಾನು ಜಾಣತನ ತೋರಿಸಲು ಹೋದೆ. ನಮ್ಮ ಊರಿಗೆ ಆ ಎರಡೂ ಬಣ್ಣ ಬರುವುದಿಲ್ಲ, ಸಿಪಾಯಿಗಳ ಹಸಿರು ಮಾತ್ರ ಬರುತ್ತದೆ ಎಂದು ಹೇಳಿ ಅವನು ಚಹಾ ಸೋಸಿದ. ನಾನು ಕುಡಿದು ದುಡ್ಡಿಟ್ಟು ಬಂದೆ.

ನಮ್ಮ ಹಾಲ್‌ನಲ್ಲಿ ಬಿರುಕು ಬಿಟ್ಟದ್ದು ಒಂದು ಊಟದ ದಿನ. ವಿಚಾಯ್‌ನ ಹೋಟೆಲಿನ ಮೇಲಧಿಕಾರಿ ದಂಪತಿ, ಬ್ಯಾಂಕಾಕಿನವರು, ಊಟಕ್ಕೆ ಬಂದಿದ್ದರು. ಬುವಾ ಹಸಿ ಪಪ್ಪಾಯಿ ಕುಟ್ಟಿ ಮಾಡುವ ಖಾರದ ಕೋಸಂಬರಿ ಬಡಿಸಿದಳು. ಇಷ್ಟು ಚೆನ್ನಾಗಿ ಎಲ್ಲಿ ಕಲಿತೆ ಎಂದು ಆ ಹೆಂಗಸು ಕೇಳಿದರು. ನಾವು ಲಾವೋ ಜನ, ಇದು ಹುಟ್ಟಿನಿಂದಲೇ ಬಂದದ್ದು ಎಂದಳು ಬುವಾ. ವಿಚಾಯ್ ನಕ್ಕು, ಹಾಗೇನಿಲ್ಲ, ಇವಳು ಅಪ್ಪಟ ಥಾಯ್ ಎಂದ. ಹೆಂಡತಿಯನ್ನು ಹೊಗಳಿದೆ ಎಂದೇ ಅವನು ತಿಳಿದಿದ್ದ. ಬುವಾ ಅತಿಥಿಗಳಿಗೆ ಕೈ ಮುಗಿದು ಒಳಗೆ ಹೋದವಳು ಆಮೇಲೆ ಹೊರಗೆ ಬರಲಿಲ್ಲ.

ಮುಂದಿನ ಶುಕ್ರವಾರ ಮೂರು ಗಂಟೆಗೆ ಗೀತೆ ಬಂತು. ವಿಚಾಯ್ ಎದ್ದ, ನಾನೂ ಎದ್ದೆ. ಬುವಾ ಬರಲಿಲ್ಲ. ಅಡುಗೆಮನೆಯಿಂದ ಒನಕೆಯ ಸದ್ದು ಮಾತ್ರ ಬಂತು: ಟೊಕ್, ಟೊಕ್, ಟೊಕ್. ನೆಟ್ಟಗೆ ನಿಂತಿದ್ದ ವಿಚಾಯ್‌ನ ಕಿವಿ ಕೆಂಪಾಯಿತು. ಗೀತೆ ಮುಗಿದ ಮೇಲೆ ಅವನು ಟಿವಿ ಆರಿಸಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಒಬ್ಬನೇ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ, ಯಾಕೆಂದರೆ ಯಾವಾಗ ಕೂರಬೇಕೆಂದು ತೋಚಲಿಲ್ಲ.

ಅದು ಬರೀ ಮುನಿಸಾಗಿದ್ದರೆ ಚಿಂತೆಯಿರಲಿಲ್ಲ. ಸತ್ವಾದ ಹಳೆ ಮನೆಗಳನ್ನು ಕೆಡವುತ್ತಾರೆ, ಎಲ್ಲರೂ ಖಾಲಿ ಮಾಡಬೇಕು ಎಂಬ ಸುದ್ದಿ ಆಗಲೇ ಬಂದಿತ್ತು. ಅವರಿಬ್ಬರೂ ದುಬೈ ಬಿಟ್ಟು ಊರಿಗೆ ಹೋಗಿ ಒಂದು ಪುಟ್ಟ ಹೋಟೆಲು ಇಡುವುದೆಂದು ಎಂದೋ ನಿಶ್ಚಯಿಸಿದ್ದರು. ಅದುವರೆಗೆ ಏಳದಿದ್ದ ಯಾವ ಊರು ಎಂಬ ಪ್ರಶ್ನೆ ಈಗ ಎದ್ದಿತು. ವಿಚಾಯ್ ಬ್ಯಾಂಕಾಕ್ ಎಂದ, ಬುವಾ ಅಮ್ಮನ ಊರು ಎಂದಳು. ನಾನು ಎಲ್ಲಿಯವಳು ಎಂದು ಹೇಳಲು ಅವನಿಗೆ ನಾಚಿಕೆಯಾದರೆ ನಾನು ಒಬ್ಬಳೇ ಅಲ್ಲಿಗೆ ಹೋಗುತ್ತೇನೆ ಎಂದು ಅವಳು ಜಲಜಾಕ್ಷಿಯ ಹತ್ತಿರ ಹೇಳಿದ್ದಳು. ಟ್ರಾವೆಲ್ಸ್‌ನಲ್ಲಿ ಒಂದೇ ಟಿಕೆಟಿಗೆ ವಿಚಾರಿಸಿಯೂ ಬಂದಿದ್ದಳು.

ವಿಚಾಯ್ ಕೆಟ್ಟವನಲ್ಲ ನೋಡಿ. ಒಂದು ಸಂಜೆ ಬಸ್ ಸ್ಟಾಪಿನಲ್ಲಿ ಅವನು ತನ್ನ ಕಡೆಯದನ್ನೂ ಹೇಳಿಕೊಂಡ. ಅವನ ಅಜ್ಜನಿಗೆ ಚೀನೀ ಹೆಸರಿತ್ತು. ಚೀನೀ ಶಾಲೆಗಳು ಮುಚ್ಚಿದ ಕಾಲದಲ್ಲಿ ಆ ಹೆಸರು ಬಿಟ್ಟು ಬಾಯಿ ತುಂಬುವ ಉದ್ದದ ಥಾಯ್ ಮನೆಹೆಸರು ಇಟ್ಟುಕೊಂಡರಂತೆ. "ಅದು ನಮಗೆ ಕೊಡೆ ಇದ್ದ ಹಾಗೆ. ಅದರ ಕೆಳಗೆ ನಿಲ್ಲಲು ನಮ್ಮ ಮನೆಯವರು ಎಷ್ಟು ಒದ್ದಾಡಿದ್ದಾರೆ. ಹುಟ್ಟಿದಾಗಿನಿಂದ ಒಳಗಿರುವವಳು ತಾನಾಗಿ ಹೊರಗೆ ಹೋಗುತ್ತೇನೆ ಅಂದರೆ ಏನು ಮಾಡಲಿ?" ಎಂದ. ಈ ಮಾತನ್ನು ಅಡುಗೆಮನೆಗೆ ತಲುಪಿಸಿದಾಗ ಬುವಾ ಒನಕೆ ನಿಲ್ಲಿಸಿ ಹೇಳಿದಳು: "ಥಾಯ್ ಅಲ್ಲ ಅಂತ ನಾನು ಯಾವಾಗ ಹೇಳಿದೆ? ಎರಡೂ ಹೌದು ಅಂದೆ. ಅವನಿಗೆ ಒಂದೇ ಕೇಳಿಸುತ್ತದೆ."

ಗಂಡಸು ಹಾಗೆ ಮಾಡಬಾರದಿತ್ತು ಎಂದು ನಾನು ಜಲಜಾಕ್ಷಿಯ ಮುಂದೆ ವಿಚಾಯ್‌ಗೆ ಬುದ್ಧಿ ಹೇಳುವ ಧಾಟಿಯಲ್ಲಿ ಶುರುಮಾಡಿದೆ. ಅವಳು ಕುಚ್ಚಲಕ್ಕಿ ತೊಳೆಯುತ್ತಿದ್ದಳು. "ಹೋದ ಸಲ ಸಂಘದಲ್ಲಿ ನಾವು ಹಿಂದಿನ ಸಾಲಿನಲ್ಲಿ ತುಳು ಮಾತಾಡ್ತಿದ್ದಾಗ ಮೈಕಲ್ಲಿ ಕನ್ನಡದಲ್ಲಿ ಮಾತಾಡಿ ಅಂದದ್ದು ಯಾರು? ಮತ್ತೆ ನನ್ನನ್ನು ಸ್ಟೇಜಿಗೆ ಕರ್ದು ಅಪ್ಪಟ ಕನ್ನಡತಿ ಅಂತ ಶಾಲು ಹೊದಿಸಿದ್ರಲ್ಲ, ನನ್ನ ಹತ್ರ ಒಂದು ಮಾತು ಕೇಳಿದ್ರಾ ಮಾರಾಯ್ರೆ?" ಎಂದಳು. ನಾನು ಹಾಲ್‌ಗೆ ಹೋಗಿ ಪತ್ರಿಕೆ ಓದಿದೆ.

ಆದರೆ ಕಾರ್ಯದರ್ಶಿಗಳ ಉತ್ಸಾಹ ಅಷ್ಟಕ್ಕೆಲ್ಲ ಬತ್ತುವಂಥದ್ದಲ್ಲ. ನವೆಂಬರ್ ಬಂತು. ರಾಜ್ಯೋತ್ಸವಕ್ಕೆ ವೇದಿಕೆಯ ಉದ್ದಕ್ಕೂ ತೂಗುವ ದೊಡ್ಡ ಬಾವುಟ ಹೊಲಿಸುವ ಹೊಣೆ ನನ್ನದು. ಸತ್ವಾದಲ್ಲಿ ಬಟ್ಟೆಗೂ ದರ್ಜಿಗೂ ಬರವೇ? ಒಂದು ದಿನ ಒಳ್ಳೆ ಹಳದಿ ಬಟ್ಟೆ ಸಿಕ್ಕಿತು, ತಂದು ಸೋಫಾದ ಮೇಲೆ ಹರಡಿದೆ. ಕೆಲಸದಿಂದ ಬಂದ ವಿಚಾಯ್ ಅದನ್ನು ನೋಡಿದ, ನನ್ನನ್ನು ನೋಡಿದ, ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡ. ಅಂದಿನಿಂದ ದಿನವೂ ಹುಣಸೆಹುಳಿ, ಶೇಂಗಾ ಹಾಕಿದ ನೂಡಲ್ಸು ನನ್ನ ಬಾಗಿಲಿಗೆ ಬರತೊಡಗಿತು. ಮುಂದಿನ ವಾರ ಕೆಂಪು ಬಟ್ಟೆ ತಂದೆ. ಹಳದಿ ಆ ಹೊತ್ತಿಗೆ ದರ್ಜಿಯ ಅಂಗಡಿ ಸೇರಿತ್ತು, ವಿಚಾಯ್ ಡ್ಯೂಟಿಯಲ್ಲಿದ್ದ. ಕೆಂಪನ್ನು ಕಂಡ ಬುವಾ ತೆಂಗಿನಹಾಲು ಸುರಿದ ಅಂಟನ್ನ ಮತ್ತು ಮಾವಿನಹಣ್ಣು ತಂದಿಟ್ಟಳು. ಹೀಗೆ ಬೆಳಗ್ಗೆ ಮಾವು, ಸಂಜೆ ನೂಡಲ್ಸು. ನಾನು ಎರಡನ್ನೂ ನನ್ನ ವ್ಯಕ್ತಿತ್ವಕ್ಕೆ ಸಂದ ಗೌರವ ಎಂದೇ ತಿಂದೆ. "ನನ್ನ ಮಾತಲ್ಲಿ ಏನೋ ಒಂದು ಇದೆ ಕಣೇ, ಇಬ್ಬರೂ ಕರಗ್ತಿದಾರೆ" ಎಂದು ಜಲಜಾಕ್ಷಿಗೆ ಹೇಳಿದೆ. ಅವಳು ಮಾವಿನ ಗೊರಟು ಚೀಪುತ್ತ ಹ್ಞೂಂ ಎಂದಳು.

ಹೊಲಿಗೆ ಮುಗಿದು ಬಾವುಟ ಬಂದ ದಿನ ಸುಕ್ಕು ಬಿಡಲಿ ಎಂದು ಹಾಲ್‌ನ ಈ ಗೋಡೆಯಿಂದ ಆ ಗೋಡೆಗೆ ಕಟ್ಟಿದೆ. ಸದ್ದು ಕೇಳಿ ವಿಚಾಯ್ ಕೋಣೆಯಿಂದ ಬಂದ, ಬುವಾ ಅಡುಗೆಮನೆಯಿಂದ ಬಂದಳು. ಬಹಳ ದಿನಗಳ ಮೇಲೆ ಇಬ್ಬರೂ ಒಂದೇ ಕಡೆ ನಿಂತರು. ಇದು ಯಾರದು ಎಂದು ಕೇಳಿದ ವಿಚಾಯ್. ನಾನು ಇಂಥ ಅವಕಾಶಕ್ಕೇ ಕಾದಿದ್ದವನು, ಗಂಟಲು ಸರಿಮಾಡಿಕೊಂಡೆ. ಇದು ಕನ್ನಡಿಗರ ಬಾವುಟ, ಹಳದಿ ಅರಿಶಿನ, ಕೆಂಪು ಕುಂಕುಮ, ನಮ್ಮಲ್ಲಿ ಎರಡನ್ನೂ ಒಂದೇ ತಟ್ಟೆಯಲ್ಲಿಟ್ಟು ಕೊಡುತ್ತೇವೆ, ನೀವಿಬ್ಬರೂ ಇದರಿಂದ ಕಲಿಯಬೇಕು ಎಂದು ಭಾಷಣ ಮಾಡಿದೆ. ವಿಚಾಯ್‌ನ ಮುಖ ಸಣ್ಣದಾಯಿತು. ಬುವಾ ಬಾವುಟವನ್ನೇ ನೋಡಿ, ಹಾಗಾದರೆ ನಿಮ್ಮಲ್ಲೂ ಹಳದಿ ಮೇಲೆ, ಕೆಂಪು ಕೆಳಗೆ ಎಂದಳು. ನಾನು ಗಾಬರಿಯಿಂದ, ಅದಕ್ಕೇನಂತೆ ಎಂದು ಗಂಟು ಬಿಚ್ಚಿ ತಿರುಗಿಸಿ ಕಟ್ಟಿದೆ. ವಿಚಾಯ್ ತಿರುಗಿ ಕೋಣೆಗೆ ಹೋದ. ಮತ್ತೆ ತಿರುಗಿಸುವ ಹೊತ್ತಿಗೆ ಬುವಾನೂ ಒಳಗೆ ಹೋಗಿದ್ದಳು.

"ನವೆಂಬರಲ್ಲಿ ಬಾವುಟ ತಲೆಕೆಳಗೆ ಕಟ್ಟಿದ ಕಾರ್ಯದರ್ಶಿ ನೀವೊಬ್ರೇ ಇರ್ಬೇಕು" ಎಂದಳು ಜಲಜಾಕ್ಷಿ. ಆ ವಿಷಯ ಸಂಘಕ್ಕೆ ತಿಳಿಯದಂತೆ ಇಷ್ಟು ವರ್ಷ ಕಾಪಾಡಿಕೊಂಡು ಬಂದಿದ್ದಾಳೆ. ನೂಡಲ್ಸು, ಮಾವು ಎರಡೂ ಅಂದೇ ನಿಂತವು.

ಮನೆ ಬಿಡುವ ಮುಂಚಿನ ಶುಕ್ರವಾರ. ಹಾಲ್ ತುಂಬ ಕಾರ್ಟನ್‌ಗಳು. ಅರಸರ ಚಿತ್ರವನ್ನು ವಿಚಾಯ್ ಬಟ್ಟೆಯಲ್ಲಿ ಸುತ್ತಿ ಎಲ್ಲಕ್ಕಿಂತ ಮೇಲೆ ಇಟ್ಟಿದ್ದ. ಟಿವಿ ಕಟ್ಟುವುದೊಂದು ಬಾಕಿ. ಮೂರು ಗಂಟೆಗೆ ಗೀತೆ ಬಂತು, ಅವನು ಎದ್ದ, ನಾನೂ ಕಾರ್ಟನ್‌ಗಳ ನಡುವೆ ಜಾಗ ಮಾಡಿಕೊಂಡು ಎದ್ದೆ. ಅಡುಗೆಮನೆಯಲ್ಲಿ ಟೊಕ್ ಟೊಕ್ ನಡೆದೇ ಇತ್ತು. ಗೀತೆ ಮುಗಿಯಿತು. ಅವನು ಟಿವಿ ಆರಿಸಿದ. ಕೋಣೆಗೆ ಹೋಗುತ್ತಾನೆ ಎಂದುಕೊಂಡೆ, ಅವನು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ. ಬಾಗಿಲ ಚೌಕಟ್ಟು ಹಿಡಿದುಕೊಂಡು ಏನೋ ಹೇಳಲು ಬಾಯಿ ತೆರೆದು ಮುಚ್ಚಿದ. ಆಮೇಲೆ ಹೇಳಿದ.

"ಕಿನ್ ಖಾವ್ ಲೇವ್ ಬೋ?"

ಒನಕೆ ನಿಂತಿತು. ಅದು ಲಾವೋ ಮಾತು, ಊಟ ಆಯಿತಾ ಎಂದು ಅರ್ಥ ಎಂದು ಜಲಜಾಕ್ಷಿ ಆಮೇಲೆ ನನಗೆ ತಿಳಿಸಿದಳು. ಬುವಾ ಅವಳಿಗೆ ಅದನ್ನು ಮೊದಲ ತಿಂಗಳಲ್ಲೇ ಕಲಿಸಿದ್ದಳಂತೆ. ಮದುವೆಯಾದಂದಿನಿಂದ ವಿಚಾಯ್ ಆ ಭಾಷೆಯ ಒಂದು ಮಾತನ್ನೂ ಆಡಿದವನಲ್ಲ. ಬುವಾ ಇನ್ನೊಮ್ಮೆ ಹೇಳು ಎಂಬಂತೆ ಮುಖ ಎತ್ತಿದಳು. ಅವನು ಇನ್ನೊಮ್ಮೆ ಹೇಳಿದ, ಮೊದಲಿಗಿಂತ ಕೆಟ್ಟದಾಗಿ. ಇನ್ನೂ ಇಲ್ಲ ಎಂದಳು ಅವಳು, ಅದೇ ಮಾತಿನಲ್ಲಿ. ಅವನು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಅವಳೆದುರು ನೆಲದ ಮೇಲೆ ಕೂತ. ಅವಳು ಈ ಬುಟ್ಟಿಯಿಂದ ಒಂದು ಉಂಡೆ ಅನ್ನ ತೆಗೆದು ಅವನ ಅಂಗೈಯಲ್ಲಿಟ್ಟಳು. ಒಳಗೆ ಹೋಗಿ ಎರಡು ಮಾತು ಹೇಳಬೇಕೆಂದು ನನಗೆ ಅನಿಸಿತು, ಆದರೆ ಜಲಜಾಕ್ಷಿ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದಳು.

ಅವರು ಒಟ್ಟಿಗೆ ಹೋದರು, ಬುವಾಳ ಅಮ್ಮನ ಊರಿಗೆ. ಹೊರಡುವಾಗ ಬುವಾ ಈ ಬುಟ್ಟಿಯನ್ನು ಜಲಜಾಕ್ಷಿಗೆ ಕೊಟ್ಟಳು. ಅವರ ದೇಶದ ಜಗಳ ಹಾಗೆ ಮುಗಿಯಲಿಲ್ಲ, ಆಮೇಲೆ ಬೀದಿಯಲ್ಲಿ ಜನ ಸತ್ತದ್ದನ್ನೂ ಪತ್ರಿಕೆಯಲ್ಲಿ ಓದಿದೆವು. ಬಹಳ ದಿನ ಕಳೆದು ಬುವಾ ಒಮ್ಮೆ ಫೋನ್ ಮಾಡಿದ್ದಳು. ಹೋಟೆಲು ಚೆನ್ನಾಗಿ ನಡೆಯುತ್ತಿದೆಯಂತೆ. ಸಂಜೆ ಆರಕ್ಕೆ ವಿಚಾಯ್ ಈಗಲೂ ನಿಲ್ಲುತ್ತಾನಂತೆ, ಅವನು ಕೂರುವ ತನಕ ತಾನು ಒನಕೆ ಹಿಡಿದು ಕಾಯುತ್ತೇನೆ, ಕೆಲವು ದಿನ ಕಾಯುವುದಿಲ್ಲ ಎಂದಳಂತೆ.

ಭಾನುವಾರ ಸ್ಟೂಲಿನಿಂದ ಇಳಿದ ಮೇಲೆ ನಾನು ಬುಟ್ಟಿ ಹಿಡಿದು ಅಡುಗೆಮನೆಗೆ ಹೋದೆ. ಜಲಜಾಕ್ಷಿ ಕುಚ್ಚಲಕ್ಕಿಯ ಗಂಜಿ ಬಸಿಯುತ್ತಿದ್ದಳು. ಮದುವೆಯಾಗಿ ಮೂವತ್ತು ವರ್ಷವಾಗುತ್ತ ಬಂತು. ವಿಚಾಯ್ ಅಂದು ಅಡುಗೆಮನೆಯ ಬಾಗಿಲಿಗೆ ನಡೆದದ್ದನ್ನು ನೋಡಿದವನು ನಾನು, ನೋಡಿ, ಮನೆಗೆ ಬಂದವರಿಗೆಲ್ಲ ಕಥೆ ಹೇಳಿದವನೂ ನಾನೇ. ಆ ನಾಲ್ಕು ಹೆಜ್ಜೆಯನ್ನು ಮಾತ್ರ ನಾನು ನಡೆದಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಸಾವಿರ ಜನರ ಮುಂದೆ ಮೈಕ್ ಹಿಡಿದವನಿಗೆ, ಊಟ ಆಯಿತಾ ಎಂಬ ತುಳುವಿನ ಎರಡು ಶಬ್ದ ಇಷ್ಟು ಕಷ್ಟವಾಗಬಹುದೆಂದು ಗೊತ್ತಿರಲಿಲ್ಲ.

"ಜಲಜಾ, ವಣಸ್ ಆಂಡಾ?"

ಅವಳು ತಿರುಗಿ ನನ್ನ ಮುಖ ನೋಡಿದಳು, ಕೈಯಲ್ಲಿದ್ದ ಬುಟ್ಟಿ ನೋಡಿದಳು, ಹತ್ತಿರ ಬಂದು ನನ್ನ ನೆತ್ತಿಯನ್ನು ಮುಟ್ಟಿ ನೋಡಿದಳು. "ಎಂತ ಮಾರಾಯ್ರೆ, ಬುಟ್ಟಿ ಜೋರು ಬಿತ್ತಾ?"

ಇಲ್ಲ ಎಂದೆ. ಅವಳ ಕೈ ನನ್ನ ತಲೆಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಇತ್ತು.

"ಇಜ್ಜಿ" ಎಂದಳು ಆಮೇಲೆ, ಇನ್ನೂ ಇಲ್ಲವೆಂದು, ಬಹಳ ಮೆಲ್ಲಗೆ. "ಬಲೆ" ಎಂದು ಊಟಕ್ಕೆ ಕರೆದಳು.

ಆ ದಿನ ನನ್ನ ತಟ್ಟೆಗೂ ಕುಚ್ಚಲಕ್ಕಿಯೇ ಬಿತ್ತು.